ಮೂವತ್ತಕ್ಕೆ ಕಾಯದ ಸಕ್ಕರೆ ಕಾಯಿಲೆ

ಸಿಂದಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ನಮ್ಮ ಬಳಗದವರ ಮನೆಯಿದೆ. ಅಡುಗೆಮನೆಯ ಮೂಲೆಯಲ್ಲಿ, ಜೋಳದ ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ, ಅಗಲ ಬಾಯಿಯ ಮಣ್ಣಿನ ಗಡಿಗೆ. ಅದರೊಳಗೆ ಇನ್ನೊಂದು ಚಿಕ್ಕ ಗಡಿಗೆ. ಎರಡರ ನಡುವೆ ಒದ್ದೆ ಮರಳು. ಚಿಕ್ಕ ಗಡಿಗೆಯಲ್ಲಿ ಮುಚ್ಚಳ ಬಿಗಿದ ಸ್ಟೀಲ್ ಡಬ್ಬಿ, ಆ ಡಬ್ಬಿಯಲ್ಲಿ ಇನ್ಸುಲಿನ್ ಬಾಟಲಿ. ಬಾಟಲಿಯ ಮೇಲೆ ಅಂಟಿಸಿದ ಕಾಗದದ ಚೂರಿನಲ್ಲಿ ಅದನ್ನು ತೆರೆದ ದಿನಾಂಕ. ಮನೆಯ ಹುಡುಗನಿಗೆ ಈಗ ಹತ್ತು ವರ್ಷ. ಕಾಯಿಲೆ ಕಾಣಿಸಿಕೊಂಡಾಗ ಎಂಟು.

ಆಗ ನಡೆದದ್ದನ್ನು ಅವನ ತಾಯಿ ನನಗೆ ಒಂದೊಂದಾಗಿ ಹೇಳಿದ್ದಾಳೆ. ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದನ್ನು ಬಿಟ್ಟು ನಾಲ್ಕು ವರ್ಷವಾಗಿದ್ದ ಮಗ ಮತ್ತೆ ಶುರು ಮಾಡಿದ. ಹೆದರಿಕೊಂಡಿದ್ದಾನೆ ಎಂದು ಅಜ್ಜಿ ತಾಯಿತ ಕಟ್ಟಿಸಿದಳು. ಬೆಳಿಗ್ಗೆ ಕೌದಿಗೆ ಇರುವೆ ಮುತ್ತುತ್ತಿದ್ದವು. ತಂಬಿಗೆಗಟ್ಟಲೆ ನೀರು ಕುಡಿದರೂ ಅವನ ದಾಹ ಇಂಗುತ್ತಿರಲಿಲ್ಲ. ಉಡುದಾರ ಸೊಂಟದಿಂದ ಜಾರತೊಡಗಿದಾಗ ಒಂದು ತಿಂಗಳಲ್ಲಿ ಎರಡು ಸಲ ಬಿಗಿದು ಕಟ್ಟಿದಳು. ಆಮೇಲೆ ಹೊಟ್ಟೆನೋವು, ವಾಂತಿ, ಏದುಸಿರು. ಹತ್ತಿರದ ದವಾಖಾನೆಯೊಂದರಲ್ಲಿ ನ್ಯುಮೋನಿಯಾ ಎಂದು ಸೂಜಿ ಚುಚ್ಚಿ, ನಿತ್ರಾಣಕ್ಕೆಂದು ಗ್ಲೂಕೋಸ್ ಬಾಟಲಿ ಏರಿಸಿದರು. ಮರುದಿನ ವಿಜಯಪುರಕ್ಕೆ ಕರೆತಂದಾಗ ಬೆರಳಿನಿಂದ ತೆಗೆದ ಒಂದು ಹನಿ ರಕ್ತಕ್ಕೆ ಮೀಟರಿನಲ್ಲಿ ಅಂಕಿಯೇ ಮೂಡಲಿಲ್ಲ. ಅಳೆಯುವ ಮಿತಿಯನ್ನೂ ಸಕ್ಕರೆ ದಾಟಿತ್ತು. ಹುಡುಗ ಬದುಕಿದ. ಬದುಕದ ಮಕ್ಕಳೂ ಇದ್ದಾರೆ. ಸಾವಿಗೆ ಕಾರಣ ನ್ಯುಮೋನಿಯಾ ಎಂದೋ ಜ್ವರ ಎಂದೋ ನಂಬಿಕೊಂಡು ಉಳಿದುಬಿಡುವ ಮನೆಗಳಿವೆ.

ಆ ಒಂದು ತಿಂಗಳಲ್ಲಿ ರಕ್ತದ ಒಂದು ಹನಿಯನ್ನು ಯಾರೂ ಪರೀಕ್ಷಿಸಲಿಲ್ಲ ಏಕೆ? ನನಗೆ ಕಾಣುವ ಉತ್ತರ ಒಂದೇ. ಸಕ್ಕರೆ ಕಾಯಿಲೆ ಎಂದರೆ ನಮ್ಮ ಕಣ್ಣಿಗೆ ಬರುವುದು ಹೊಟ್ಟೆ ಬಂದ, ನಲವತ್ತು ದಾಟಿದ, ಬೆಳಿಗ್ಗೆ ವಾಕಿಂಗ್ ಹೋಗುವ ಮನುಷ್ಯ. ಸರ್ಕಾರದ ಕಣ್ಣಿಗೂ ಹಾಗೆಯೇ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ ಆಶಾ ಕಾರ್ಯಕರ್ತೆ ಮನೆಮನೆಗೆ ತರುವ ತಪಾಸಣೆಯ ನಮೂನೆ ಮೂವತ್ತು ವರ್ಷ ತುಂಬಿದವರದ್ದು. ಎಂಟರ ಹುಡುಗನಿಗೆ ಅದರಲ್ಲಿ ಜಾಗವಿಲ್ಲ. ಮಕ್ಕಳ ಕಾಯಿಲೆಯನ್ನು ದೊಡ್ಡವರ ಕನ್ನಡಿಯಲ್ಲಿ ನೋಡುವ ಈ ಅಭ್ಯಾಸದಿಂದ ಎರಡು ತೆರನ ಮಕ್ಕಳಿಗೆ ಎರಡು ತೆರನ ಅನ್ಯಾಯವಾಗುತ್ತಿದೆ. ಸಣಕಲಾಗುತ್ತಿರುವ ಮಗುವಿನ ಕಾಯಿಲೆ ಗೊತ್ತಾಗುವುದಿಲ್ಲ. ದಪ್ಪಗಾಗುತ್ತಿರುವ ಮಗುವಿನದ್ದು ಕಾಯಿಲೆ ಎಂದೇ ಅನ್ನಿಸುವುದಿಲ್ಲ.

ಹೆಸರು ಒಂದು, ಕಾಯಿಲೆ ಎರಡು

ಆ ಹುಡುಗನದ್ದು ಟೈಪ್ 1 ಮಧುಮೇಹ. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ, ರಕ್ತದ ಸಕ್ಕರೆಯನ್ನು ಹಿಡಿತದಲ್ಲಿಡುವ ಇನ್ಸುಲಿನ್ ತಯಾರಿಸುವ ಕಣಗಳನ್ನು ನಾಶ ಮಾಡುತ್ತದೆ. ಇದು ಬೆಲ್ಲ ತಿಂದದ್ದರಿಂದ ಬಂದದ್ದಲ್ಲ, ತಾಯಿ ಬಸುರಿನಲ್ಲಿ ಮಾಡಿದ ಯಾವ ತಪ್ಪಿನಿಂದಲೂ ಅಲ್ಲ. ಈ ಮಾತನ್ನು ದಪ್ಪಕ್ಷರದಲ್ಲಿ ಬರೆದು ಪ್ರತಿ ಮಕ್ಕಳ ವಾರ್ಡಿನ ಗೋಡೆಗೆ ಅಂಟಿಸಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಏಕೆಂದರೆ ಮನೆಯಲ್ಲಿ ಬೈಸಿಕೊಳ್ಳುವವಳು ತಾಯಿಯೇ. ಟೈಪ್ 2ರ ಕಥೆ ಬೇರೆ. ಅಲ್ಲಿ ಇನ್ಸುಲಿನ್ ಇರುತ್ತದೆ, ದೇಹ ಅದರ ಮಾತು ಕೇಳುವುದಿಲ್ಲ. ಬೊಜ್ಜು, ವಂಶದ ಒಲವು, ಕೂತಲ್ಲೇ ಕಳೆಯುವ ದಿನಗಳು ಅದಕ್ಕೆ ದಾರಿ ಮಾಡಿಕೊಡುತ್ತವೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2006ರಲ್ಲಿ ಎಳೆಯರ ಮಧುಮೇಹದ ನೋಂದಣಿಯೊಂದನ್ನು ಶುರು ಮಾಡಿತು. 25 ವರ್ಷದೊಳಗೆ ಕಾಯಿಲೆ ಬಂದ 5,500ಕ್ಕೂ ಹೆಚ್ಚು ಜನರ ದಾಖಲೆ ನೋಡಿದಾಗ ಸುಮಾರು 64 ಶೇಕಡಾ ಟೈಪ್ 1, ಸುಮಾರು 25 ಶೇಕಡಾ ಟೈಪ್ 2 ಎಂದು ಕಂಡುಬಂತು. ಅಂದರೆ ಎಳೆಯರಲ್ಲಿ ಇಂದಿಗೂ ದೊಡ್ಡ ಪಾಲು ಟೈಪ್ 1ರದ್ದೇ. ಆದರೆ ನಾಲ್ವರಲ್ಲಿ ಒಬ್ಬರಿಗೆ ಒಂದು ಕಾಲಕ್ಕೆ ಮುಪ್ಪಿನ ರೋಗ ಎನಿಸಿಕೊಂಡಿದ್ದದ್ದು ಬಂದಿದೆ. ದೇಶದಲ್ಲಿ ಇಪ್ಪತ್ತರ ಒಳಗಿನ ಟೈಪ್ 1 ಮಕ್ಕಳು ಎರಡು ಲಕ್ಷಕ್ಕೂ ಹೆಚ್ಚು ಎಂಬುದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜು.

ಟೈಪ್ 1ಕ್ಕೆ ಮದ್ದು ಸಿಕ್ಕು ನೂರು ವರ್ಷ ದಾಟಿದೆ. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಇನ್ಸುಲಿನ್ ಚುಚ್ಚಿಸಿಕೊಂಡ ಮೊದಲ ರೋಗಿಯೇ ಒಬ್ಬ ಹದಿನಾಲ್ಕರ ಹುಡುಗ, ಲಿಯೊನಾರ್ಡ್ ಥಾಂಪ್ಸನ್. ಅಲ್ಲಿಯವರೆಗೆ ಇಂಥ ಮಕ್ಕಳನ್ನು ಉಪವಾಸ ಕೆಡವಿ ಕೆಲವು ತಿಂಗಳು ಹೆಚ್ಚು ಉಳಿಸಿಕೊಳ್ಳುವುದಷ್ಟೇ ವೈದ್ಯರ ಕೈಲಿತ್ತು. ಕಂಡುಹಿಡಿದವರು ತಮ್ಮ ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಬಿಟ್ಟುಕೊಟ್ಟರು. ಮದ್ದು ಎಲ್ಲರದ್ದಾಗಲಿ ಎಂಬುದು ಅವರ ಆಸೆಯಾಗಿತ್ತು. 1993ರಲ್ಲಿ ಅಮೆರಿಕ, ಕೆನಡಾಗಳ ದೊಡ್ಡ ಅಧ್ಯಯನವೊಂದು ಮುಗಿದಾಗ, ದಿನಕ್ಕೆ ಹಲವು ಸಲ ರಕ್ತ ಪರೀಕ್ಷಿಸಿ ಅದಕ್ಕೆ ತಕ್ಕಂತೆ ಇನ್ಸುಲಿನ್ ತೆಗೆದುಕೊಂಡವರಲ್ಲಿ ಕಣ್ಣಿನ ತೊಂದರೆ ಹೊಸದಾಗಿ ಬರುವ ಸಾಧ್ಯತೆ 76 ಶೇಕಡಾ ಇಳಿದಿತ್ತು. ಸಕ್ಕರೆಯನ್ನು ಹಿಡಿತದಲ್ಲಿಟ್ಟರೆ ಇಂಥ ತೊಂದರೆಗಳನ್ನು ದೂರವಿಡಬಹುದು ಎಂಬುದರಲ್ಲಿ ಆಮೇಲೆ ಯಾರಿಗೂ ಅನುಮಾನ ಉಳಿಯಲಿಲ್ಲ.

ಕಾಯಿಲೆಯನ್ನು ಬೇಗ ಗುರುತಿಸಲು ಇಟಲಿಯ ಪಾರ್ಮಾದಲ್ಲಿ ತೂಗುಹಾಕಿದ ಭಿತ್ತಿಪತ್ರವೊಂದು ನಮ್ಮ ಹುನಗುಂದಕ್ಕೂ ಬರಲಿ ಎನ್ನುವ ಮೊದಲು ಅದೇನು ಮಾಡಿತೆಂದು ಹೇಳಬೇಕು. ನಾನು ಓದಿದ ಎಲ್ಲ ಸಂಶೋಧನೆಗಳಲ್ಲಿ ನನ್ನ ಮನಸ್ಸಿನಲ್ಲಿ ಕೂತಿರುವುದು ಇಟಲಿಯ ಆ ಊರಿನದ್ದು. ತೊಂಬತ್ತರ ದಶಕದ ಆರಂಭದಲ್ಲಿ ಅಲ್ಲಿನ ಮಕ್ಕಳ ವೈದ್ಯರು ಒಂದು ಚಿತ್ರವನ್ನು ಶಾಲೆಗಳಲ್ಲಿ, ವೈದ್ಯರ ಕೊಠಡಿಗಳಲ್ಲಿ ತೂಗುಹಾಕಿಸಿದರು. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಒದ್ದೆ ಮಾಡುತ್ತಿದೆಯೇ? ತುಂಬಾ ನೀರು ಕುಡಿಯುತ್ತಿದೆಯೇ? ಹಾಗಿದ್ದರೆ ಸಕ್ಕರೆ ಪರೀಕ್ಷಿಸಿ. ಅದರ ಸಾರ ಇಷ್ಟೇ. ಪ್ರಚಾರಕ್ಕೆ ಮೊದಲು ಹೊಸದಾಗಿ ಟೈಪ್ 1 ಬಂದ ಮಕ್ಕಳಲ್ಲಿ 78 ಶೇಕಡಾ ಮಕ್ಕಳು ಆಸ್ಪತ್ರೆ ತಲುಪುವ ಹೊತ್ತಿಗೆ ಕೀಟೋಅಸಿಡೋಸಿಸ್ ಎಂಬ ಪ್ರಾಣಾಪಾಯದ ಹಂತದಲ್ಲಿರುತ್ತಿದ್ದರು. ಪ್ರಚಾರ ನಡೆದ ವರ್ಷಗಳಲ್ಲಿ ಅದು 12.5ಕ್ಕೆ ಇಳಿಯಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಒಂದು ಚಿತ್ರ, ಒಂದು ಪ್ರಶ್ನೆ.

ನಮ್ಮ ಅಂಗನವಾಡಿಗಳ ಗೋಡೆಯ ಮೇಲೆ ಲಸಿಕೆಯ ಪಟ್ಟಿಯಿದೆ, ತೂಕದ ನಕ್ಷೆಯಿದೆ. ಈ ಪ್ರಶ್ನೆಯನ್ನು ನಾನು ಎಲ್ಲಿಯೂ ಕಂಡಿಲ್ಲ. ಇರುವೆ ಮುತ್ತುವುದನ್ನು ನಮ್ಮ ಹಿರಿಯರು ಗಮನಿಸದೆ ಇದ್ದವರಲ್ಲ. ಮಧುಮೇಹ ಎಂಬ ಹೆಸರಿನಲ್ಲೇ ಜೇನು ಇದೆ. ಕೌದಿ ಒಗೆಯುವ ತಾಯಿಯ ಕಣ್ಣಿಗೆ ಬಿದ್ದದ್ದು ವೈದ್ಯರ ಕಿವಿಗೆ ಬೀಳುವ ದಾರಿಯೊಂದು ಬೇಕು, ಅಷ್ಟೇ.

ಗಡಿಗೆ, ಸಿರಿಂಜು, ರೊಟ್ಟಿ

ಕಾಯಿಲೆ ಗೊತ್ತಾದ ಮೇಲಿನ ಬದುಕಿನಲ್ಲೂ ದೊಡ್ಡವರ ಕನ್ನಡಿ ಅಡ್ಡ ಬರುತ್ತದೆ. ಮೊದಲನೆಯದು ಗುಳಿಗೆ. ಅಜ್ಜನ ಶುಗರ್ ಗುಳಿಗೆಯಲ್ಲೇ ನಿಂತಿರುವಾಗ ಕೂಸಿಗೆ ಸೂಜಿ ಏಕೆ ಎಂದು ಮನೆಯವರು ಕೇಳುತ್ತಾರೆ. ಕೇಳುವುದು ಸಹಜವೇ. ಆದರೆ ಇನ್ಸುಲಿನ್ ಇಲ್ಲದ ದೇಹಕ್ಕೆ ಇನ್ಸುಲಿನ್ ಬಿಟ್ಟು ಬೇರೆ ಗತಿಯಿಲ್ಲ. ಎರಡನೆಯದು ಇನ್ನೂ ಅಪಾಯಕಾರಿ. ಚಿಕಿತ್ಸೆ ಶುರುವಾದ ಕೆಲವು ವಾರಗಳಲ್ಲಿ ಅಳಿದುಳಿದ ಕಣಗಳು ಚೇತರಿಸಿಕೊಂಡು ಇನ್ಸುಲಿನ್ ಬೇಡಿಕೆ ತೀರಾ ಇಳಿಯುವುದುಂಟು. ವೈದ್ಯರು ಇದನ್ನು ಹನಿಮೂನ್ ಹಂತ ಎನ್ನುತ್ತಾರೆ. ಕೆಲವು ತಿಂಗಳು ಇದ್ದು ಹೋಗುವ ಈ ಬಿಡುವನ್ನು ಮನೆಯವರು ಗುಣವಾಯಿತು ಎಂದುಕೊಳ್ಳುತ್ತಾರೆ. ಅಷ್ಟರಲ್ಲಿ ಯಾರೋ ಬೇರಿನ ಔಷಧಿ ಹೇಳಿರುತ್ತಾರೆ. ಕಾಯಿಲೆ ತಗ್ಗಿದ ಶ್ರೇಯಸ್ಸು ಬೇರಿಗೆ ಸಲ್ಲುತ್ತದೆ, ಇನ್ಸುಲಿನ್ ನಿಲ್ಲುತ್ತದೆ, ಮಗು ಮತ್ತೆ ಐಸಿಯುಗೆ ಬರುತ್ತದೆ. ಇದನ್ನು ಮೊದಲ ದಿನವೇ, ಅಜ್ಜಿಯನ್ನೂ ಕೂರಿಸಿಕೊಂಡು, ಕನ್ನಡದಲ್ಲಿ ಬಿಡಿಸಿ ಹೇಳದ ಚಿಕಿತ್ಸೆ ಅರ್ಧ ಚಿಕಿತ್ಸೆ.

ಗಡಿಗೆಯ ವಿಷಯಕ್ಕೆ ಬರುತ್ತೇನೆ. ತೆರೆಯದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ವಿಜಯಪುರದ ಮೇ ತಿಂಗಳು 40 ಡಿಗ್ರಿ ದಾಟುತ್ತದೆ. ಫ್ರಿಜ್ ಇಲ್ಲದ ಮನೆ, ಫ್ರಿಜ್ ಇದ್ದರೂ ವಿದ್ಯುತ್ ಆಗಾಗ ಕೈಕೊಡುವ ಊರು. ಇಂಥದ್ದೇ ಕಷ್ಟವಿದ್ದ ಕೀನ್ಯಾದ ನಿರಾಶ್ರಿತರ ಶಿಬಿರವೊಂದರ ಮನೆಗಳ ಉಷ್ಣಾಂಶವನ್ನು ಅಳೆದು, ಗಡಿರಹಿತ ವೈದ್ಯರ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯದವರು ಪ್ರಯೋಗ ನಡೆಸಿ 2021ರಲ್ಲಿ ಪ್ರಕಟಿಸಿದರು. 25ರಿಂದ 37 ಡಿಗ್ರಿಯ ನಡುವೆ ಏರಿಳಿಯುವ ಬಿಸಿಯಲ್ಲಿ ನಾಲ್ಕು ವಾರ ಇಟ್ಟರೂ ಇನ್ಸುಲಿನ್ ತನ್ನ ಕಸುವು ಕಳೆದುಕೊಂಡಿರಲಿಲ್ಲ. ಹಾಗಾಗಿ ಬಳಕೆಯಲ್ಲಿರುವ ಬಾಟಲಿಗೆ ಒದ್ದೆ ಮರಳಿನ ಜೋಡಿ ಗಡಿಗೆ ಬಡವರ ಸಮಾಧಾನವಷ್ಟೇ ಅಲ್ಲ, ವಿಜ್ಞಾನಕ್ಕೂ ಒಪ್ಪುವ ವ್ಯವಸ್ಥೆ. ನೀರು ಆವಿಯಾದಷ್ಟೂ ಗಡಿಗೆ ತಂಪು. ವಿಜಯಪುರ, ಬಾಗಲಕೋಟೆಗಳ ಒಣಬಿಸಿಲು ಇಲ್ಲಿ ನಮ್ಮ ಪರವಾಗಿದೆ.

ಸಿರಿಂಜಿನಲ್ಲಿ ಒಂದು ಮೋಸದ ತಿರುವಿದೆ. ನಮ್ಮಲ್ಲಿ ಸಿಗುವ ಇನ್ಸುಲಿನ್ ಬಾಟಲಿಗಳಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದೂ ಉಂಟು, 100 ಯೂನಿಟ್ ಇರುವುದೂ ಉಂಟು. ಮೊದಲಿನದ್ದಕ್ಕೆ ಕೆಂಪು ಟೋಪಿಯ ಸಿರಿಂಜು, ಎರಡನೆಯದ್ದಕ್ಕೆ ಕಿತ್ತಳೆ ಟೋಪಿಯದ್ದು. ನೂರರ ಬಾಟಲಿಯ ಇನ್ಸುಲಿನನ್ನು ಕೆಂಪು ಟೋಪಿಯ ಸಿರಿಂಜಿನಲ್ಲಿ ಅದೇ ಗೆರೆಯವರೆಗೆ ಎಳೆದರೆ ಎರಡೂವರೆ ಪಟ್ಟು ಮದ್ದು ಮೈಗೆ ಹೋಗುತ್ತದೆ. ಓದು ಬಾರದ ತಾಯಿ ಬಣ್ಣ ಗುರುತಿಸಬಲ್ಲಳು. ಹೇಳಿಕೊಡುವವರು ಬೇಕು.

ಇನ್ನು ರೊಟ್ಟಿ. ತಿನ್ನುವ ಪಿಷ್ಟದ ಲೆಕ್ಕಕ್ಕೆ ತಕ್ಕಂತೆ ಇನ್ಸುಲಿನ್ ಕೊಡುವುದು ಇಂದಿನ ಒಳ್ಳೆಯ ಚಿಕಿತ್ಸೆಯ ರೀತಿ. ಆದರೆ ಕೈಗೆ ಬರುವ ಪಟ್ಟಿಗಳಲ್ಲಿ ಬ್ರೆಡ್ಡಿನ ತುಂಡು, ಇಡ್ಲಿ, ಒಂದು ಕಪ್ ಅನ್ನ. ನಮ್ಮ ಮನೆಗಳಲ್ಲಿ ಒಂದು ರೊಟ್ಟಿ ಎಂದರೆ ಎಷ್ಟು? ಹಂಚಿನಿಂದ ಇಳಿದ ದಪ್ಪ ಬಿಸಿ ರೊಟ್ಟಿಯೂ ಒಂದೇ, ಹಪ್ಪಳದಂತೆ ಮುರಿಯುವ ಖಡಕ್ ರೊಟ್ಟಿಯೂ ಒಂದೇ. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಪಿಷ್ಟ ಸುಮಾರು 68 ಗ್ರಾಂ. 60 ಗ್ರಾಂ ಹಿಟ್ಟಿನ ರೊಟ್ಟಿಯಲ್ಲಿ 40 ಗ್ರಾಂ ಬಂದರೆ 30 ಗ್ರಾಂ ಹಿಟ್ಟಿನದ್ದರಲ್ಲಿ 20. ಆ ಹುಡುಗನ ತಾಯಿ ಇದಕ್ಕೆ ತನ್ನದೇ ಉಪಾಯ ಕಂಡುಕೊಂಡಿದ್ದಾಳೆ. ಕಿರಾಣಿ ಅಂಗಡಿಯಲ್ಲಿ ಒಮ್ಮೆ ಹಿಟ್ಟು ತೂಗಿಸಿ, ಅಷ್ಟೇ ಹಿಡಿಯುವ ಬಟ್ಟಲೊಂದನ್ನು ಆರಿಸಿಟ್ಟುಕೊಂಡಿದ್ದಾಳೆ. ಮಗನ ರೊಟ್ಟಿಗೆ ಆ ಬಟ್ಟಲು ಮುಟ್ಟ ಹಿಟ್ಟು, ಉಳಿದವರದ್ದು ಅಂದಾಜು. ಅವಳು ಮಾಡಿದ್ದು ಸಂಶೋಧನೆಯೇ. ಬೆಲ್ಲದ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮಹಾಲಿಂಗಪುರದ ಸೀಮೆಯಲ್ಲಿ ಬೆಲ್ಲ ಶುಗರ್ ಏರಿಸುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. 100 ಗ್ರಾಂ ಬೆಲ್ಲದಲ್ಲಿ ಸುಮಾರು 85 ಗ್ರಾಂ ಸಕ್ಕರೆಯಂಶವೇ. ರಕ್ತಕ್ಕೆ ಬೆಲ್ಲ, ಸಕ್ಕರೆಗಳ ಭೇದ ತಿಳಿಯದು.

ಮೈ ತುಂಬಿದ ಮಗು

ಉಡುದಾರ ಜಾರಿದರೆ ನಮ್ಮ ತಾಯಂದಿರು ಕಳವಳಪಡುತ್ತಾರೆ. ಬಿಗಿಯಾದರೆ ದೃಷ್ಟಿ ತೆಗೆಯುತ್ತಾರೆ. ಹಸಿವು ಕಂಡ ನಾಡಿದು, ಮೈ ತುಂಬಿದ ಮಗುವನ್ನು ಕಂಡು ಹಿಗ್ಗುವುದರಲ್ಲಿ ತಪ್ಪು ಹುಡುಕಲು ನನಗೆ ಮನಸ್ಸಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ 35.4 ಶೇಕಡಾ ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಅತಿತೂಕದವರು 3.2 ಶೇಕಡಾ ಮಾತ್ರ. ಇಷ್ಟನ್ನೇ ನೋಡಿದರೆ ಬೊಜ್ಜು ನಮ್ಮ ಸಮಸ್ಯೆಯೇ ಅಲ್ಲ ಅನ್ನಿಸಬಹುದು.

ಆದರೆ 2016-18ರಲ್ಲಿ ಮಕ್ಕಳ ರಕ್ತವನ್ನೂ ಪರೀಕ್ಷಿಸಿದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ನಡೆಯಿತು. ಹದಿಹರೆಯದವರಲ್ಲಿ ಅತಿತೂಕದವರು 5 ಶೇಕಡಾ ಇದ್ದರು. ಮಧುಮೇಹದ ಹೊಸ್ತಿಲಲ್ಲಿ ನಿಂತವರು 10 ಶೇಕಡಾ. ತೂಕ ಹೆಚ್ಚಿದವರಿಗಿಂತ ಸಕ್ಕರೆ ಹೆಚ್ಚಿದವರೇ ಎರಡು ಪಟ್ಟು! ಇದು ಹೇಗೆ?

ಉತ್ತರದ ಒಂದು ತುದಿ ಪುಣೆಯಲ್ಲಿದೆ, ಇನ್ನೊಂದು ಮೈಸೂರಿನಲ್ಲಿ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ ಅವರ ತಂಡ ಗ್ರಾಮೀಣ ತಾಯಂದಿರ ಕೂಸುಗಳನ್ನು ಅಳೆದಾಗ, ಇಂಗ್ಲೆಂಡಿನ ಕೂಸುಗಳಿಗಿಂತ ತೂಕ ಕಡಿಮೆಯಿದ್ದರೂ ಕೊಬ್ಬು ಉಳಿದುಕೊಂಡಿತ್ತು, ಕೊರತೆ ಬಿದ್ದದ್ದು ಮಾಂಸಖಂಡಕ್ಕೆ. ನೋಡಲು ಸಣಕಲು, ಒಳಗೆ ಕೊಬ್ಬು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997ರಲ್ಲಿ ಶುರುವಾದ ಅಧ್ಯಯನ ಬಸುರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಒಂಬತ್ತು-ಹತ್ತರ ವಯಸ್ಸಿಗೇ ಆ ಮಕ್ಕಳಲ್ಲಿ ಕೊಬ್ಬು ಹೆಚ್ಚಿತ್ತು, ಇನ್ಸುಲಿನ್ನಿಗೆ ಮೈ ಮಣಿಯುವುದು ಕಡಿಮೆಯಾಗಿತ್ತು. ಮಗುವಿನ ಬೊಜ್ಜಿನ ಕಥೆ ಮಗು ಹುಟ್ಟುವ ಮೊದಲೇ ಶುರುವಾಗಿರುತ್ತದೆ ಎಂದಾಯಿತು.

ಇಲ್ಲಿ ಬೆಳಗಾವಿಗೂ ಒಂದು ಪಾಲಿದೆ. ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ಈ ಜಿಲ್ಲೆಯ ಹಳ್ಳಿಗಳಲ್ಲಿ ತಾಯಿ-ಮಕ್ಕಳ ಆರೋಗ್ಯದ ಕುರಿತು ಅಂತರರಾಷ್ಟ್ರೀಯ ಅಧ್ಯಯನಗಳನ್ನು ನಡೆಸುತ್ತ ಬಂದಿದ್ದಾರೆ. ಗ್ವಾಟೆಮಾಲಾ, ಕಾಂಗೋ, ಪಾಕಿಸ್ತಾನಗಳ ಜೊತೆ ಬೆಳಗಾವಿಯ ಹಳ್ಳಿಗಳೂ ಸೇರಿದ್ದ ಅಂಥದ್ದೊಂದು ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಗರ್ಭ ಧರಿಸುವುದಕ್ಕೆ ಮೂರು ತಿಂಗಳಾದರೂ ಮೊದಲೇ ಪೋಷಕಾಂಶ ಕೊಟ್ಟಾಗ ಹುಟ್ಟುವ ಕೂಸಿನ ಬೆಳವಣಿಗೆ ಸುಧಾರಿಸಿತ್ತು. ಅದು ಮಧುಮೇಹದ ಅಧ್ಯಯನವಲ್ಲ, ಹಾಗೆಂದು ಬಿಂಬಿಸಲಾರೆ. ಆದರೆ ಯಾಜ್ಞಿಕರ ಸಣಕಲು ಕೂಸಿನ ಪಕ್ಕದಲ್ಲಿಟ್ಟು ನೋಡಿದರೆ, ಹದಿನೇಳರ ಹುಡುಗಿಯ ತಟ್ಟೆಯಲ್ಲಿ ಏನಿದೆ ಎಂಬುದು ಮುಂದಿನ ತಲೆಮಾರಿನ ಸಕ್ಕರೆಯ ಪ್ರಶ್ನೆಯೂ ಹೌದು.

ತೂಕದ ಯಂತ್ರ ಈ ಒಳಗಿನ ಕೊಬ್ಬನ್ನು ತೋರಿಸುವುದಿಲ್ಲ, ದಾರ ತೋರಿಸುತ್ತದೆ. ಮಗುವಿನ ಎತ್ತರದಷ್ಟು ದಾರ ಅಳೆದು, ಅದನ್ನು ಎರಡಾಗಿ ಮಡಿಸಿ, ಸೊಂಟಕ್ಕೆ ಸುತ್ತಿ. ತುದಿಗಳು ಕೂಡದಿದ್ದರೆ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚಿದೆ. ಸೊಂಟ ಎತ್ತರದ ಅರ್ಧ ಮೀರಬಾರದು ಎಂಬ ಈ ಲೆಕ್ಕವನ್ನು ಐದು ದಾಟಿದ ಮಕ್ಕಳಿಗೂ ಬಳಸಬಹುದು ಎಂದು ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿ 2022ರಲ್ಲಿ ಹೇಳಿದೆ. ಉಡುದಾರ ಕಟ್ಟುವ ಕೈಗಳಿಗೆ ಇದೇನು ಹೊಸ ವಿದ್ಯೆಯಲ್ಲ.

ಈಗಲೇ ಅಳೆಯಬೇಕೇ, ಬೆಳೆದ ಮೇಲೆ ಕರಗೀತು ಎನ್ನುವವರಿಗೆ ಅಮೆರಿಕದ ಟುಡೇ ಅಧ್ಯಯನವನ್ನು ತೋರಿಸುತ್ತೇನೆ. ಟೈಪ್ 2 ಬಂದ 10ರಿಂದ 17 ವರ್ಷದ 699 ಮಕ್ಕಳು ಅದರಲ್ಲಿದ್ದರು. ದೊಡ್ಡವರಿಗೆ ವರ್ಷಗಟ್ಟಲೆ ಸಾಕಾಗುವ ಮೆಟ್‌ಫಾರ್ಮಿನ್ ಗುಳಿಗೆಯೊಂದೇ ಈ ಮಕ್ಕಳಲ್ಲಿ ಅರ್ಧದಷ್ಟು ಜನರಿಗೆ ಸಾಕಾಗಲಿಲ್ಲ. ಸರಾಸರಿ 26ರ ವಯಸ್ಸಿಗೆ ಬಂದಾಗ 60 ಶೇಕಡಾ ಯುವಕರಿಗೆ ಮೂತ್ರಪಿಂಡ, ಕಣ್ಣು, ನರಗಳಲ್ಲಿ ಒಂದಾದರೂ ತೊಂದರೆ ಕಾಣಿಸಿತ್ತು. ಅದೇ ಹೆಸರಿನ ಕಾಯಿಲೆ ಎಳೆಯರಲ್ಲಿ ಹೆಚ್ಚು ಕ್ರೂರವಾಗಿದೆ.

ಮದ್ದು ಇಲ್ಲವೇ? ಇದೆ. ವಾರಕ್ಕೊಮ್ಮೆ ಚುಚ್ಚಿಸಿಕೊಳ್ಳುವ ಸೆಮಾಗ್ಲುಟೈಡ್ ಹದಿಹರೆಯದವರ ದೇಹತೂಕದ ಸೂಚ್ಯಂಕವನ್ನು (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 68 ವಾರಗಳಲ್ಲಿ 16 ಶೇಕಡಾ ಇಳಿಸಿದ್ದನ್ನು 2022ರ ಅಧ್ಯಯನ ತೋರಿಸಿತು. ತೀವ್ರ ಬೊಜ್ಜಿನ ಮಕ್ಕಳಿಗೆ, ತಜ್ಞರ ಕಣ್ಗಾವಲಿನಲ್ಲಿ, ಅದಕ್ಕೆ ಜಾಗವಿದೆ. ಆದರೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2023ರ ಮಾರ್ಗಸೂಚಿಯಲ್ಲಿ ಒತ್ತಿ ಹೇಳಿದ ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡುತ್ತದೆ: 26 ಗಂಟೆ. ಮಗು ಮತ್ತು ಮನೆಯವರೊಂದಿಗೆ ಎದುರುಬದುರು ಕೂತು, ಮೂರರಿಂದ ಹನ್ನೆರಡು ತಿಂಗಳಲ್ಲಿ ಕನಿಷ್ಠ ಇಷ್ಟು ಹೊತ್ತು ಊಟ, ಆಟ, ನಿದ್ದೆಗಳ ರೂಢಿ ತಿದ್ದುವ ಕೆಲಸ ನಡೆದರೆ ಫಲ ಕಾಣುತ್ತದೆ. ನಮ್ಮ ಹೊರರೋಗಿ ವಿಭಾಗದ ಸಾಲಿನಲ್ಲಿ ಮಗುವಿಗೆ ಸಿಗುವುದು ನಾಲ್ಕೈದು ನಿಮಿಷ, ‘ತೂಕ ಇಳಿಸಿರಿ’ ಎಂಬ ಒಂದು ಮಾತು. ಆ ಮಾತು ಕೇಳಿ ಮನೆಗೆ ಬಂದ ಹುಡುಗಿ ಊಟ ಬಿಟ್ಟು ಅಳುತ್ತಾಳೆ, ಓಣಿಯಲ್ಲಿ ಡುಮ್ಮಿ ಎನಿಸಿಕೊಳ್ಳುತ್ತಾಳೆ.

ಅಷ್ಟು ಗಂಟೆ ಎಲ್ಲಿಂದ ತರುವುದು? ಶಾಲೆಯಿಂದಲೇ ತರಬೇಕು. ಐದರಿಂದ ಹದಿನೇಳರ ಮಕ್ಕಳು ದಿನಕ್ಕೆ ಒಂದು ಗಂಟೆ ಬೆವರಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ಹೈಸ್ಕೂಲುಗಳಲ್ಲಿ ಆಟದ ಪಿರಿಯಡ್ ಗಣಿತಕ್ಕೆ ಹೋಗುತ್ತದೆ, ಸಂಜೆ ಟ್ಯೂಷನ್ನಿಗೆ. ಖೋ ಖೋದಲ್ಲಿ ಜಿಂಕೆಯಂತೆ ಓಡುತ್ತಿದ್ದ ಹುಡುಗಿ ಮೈನೆರೆದ ಮೇಲೆ ಅಂಗಳಕ್ಕಿಳಿಯುವುದಿಲ್ಲ. ಬೆಳಿಗ್ಗೆ ಚಹಾದಲ್ಲಿ ಬಿಸ್ಕತ್ತು ಅದ್ದಿ ತಿಂದು ಬಂದ ಮಗು ಬಿಡುವಿನಲ್ಲಿ ಐದು ರೂಪಾಯಿಯ ಕುರುಕಲು ಪೊಟ್ಟಣ ಹರಿಯುತ್ತದೆ. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಗೇಟಿನ ಎದುರಿನ ಅಂಗಡಿಯ ದಾರಗಳಲ್ಲಿ ಆ ಪೊಟ್ಟಣಗಳು ಇಂದಿಗೂ ತೂಗುತ್ತಿವೆ. ಇದೇ ಶಾಲೆಗಳಲ್ಲಿ ಒಳ್ಳೆಯದೂ ನಡೆದಿದೆ: 2021ರ ಡಿಸೆಂಬರಿನಲ್ಲಿ ಬಿಸಿಯೂಟಕ್ಕೆ ಮೊಟ್ಟೆ ಬಂದಾಗ ಮೊದಲ ಏಳು ಜಿಲ್ಲೆಗಳಲ್ಲಿ ವಿಜಯಪುರವೂ ಇತ್ತು. ಮಾಂಸಖಂಡ ಕೊರತೆಯಾದ ಮಕ್ಕಳಿಗೆ ಬೇಕಾದದ್ದು ಅಂಥ ಪ್ರೋಟೀನೇ. ಮಡಿಕೆ ಕಾಳು, ಶೇಂಗಾ ಚಟ್ನಿ, ಜುಣಕ ಇರುವ ತಟ್ಟೆಯನ್ನು ಬದಲಿಸುವುದೇನಿಲ್ಲ, ಬಿಟ್ಟುಕೊಡದಿದ್ದರೆ ಸಾಕು.

ಯಾರು ಏನು ಮಾಡಬಹುದು

ಪಕ್ಕದ ಕೇರಳ ‘ಮಿಠಾಯಿ’ ಎಂಬ ಯೋಜನೆಯಡಿ ಟೈಪ್ 1 ಮಕ್ಕಳಿಗೆ ಇನ್ಸುಲಿನ್, ಪರೀಕ್ಷಾ ಪಟ್ಟಿ, ಸಲಹೆಗಳನ್ನು ಉಚಿತವಾಗಿ ಕೊಡುತ್ತಿದೆ. ಸಿಬಿಎಸ್‌ಇ 2017ರಿಂದಲೇ ಇಂಥ ಮಕ್ಕಳು ರಕ್ತದ ಸಕ್ಕರೆ ತೀರಾ ಇಳಿದರೆ ಬೇಕಾಗುವ ಸಕ್ಕರೆ ಗುಳಿಗೆ, ಹಣ್ಣು, ನೀರನ್ನು ಪರೀಕ್ಷಾ ಕೊಠಡಿಗೆ ಒಯ್ಯಲು ಬಿಟ್ಟಿದೆ. ಟೈಪ್ 1 ಆರೈಕೆಗೆ ಭಾರತದ್ದೇ ಮಾರ್ಗಸೂಚಿ 2022ರಲ್ಲಿ ಬಂದಿದೆ. ದಾರಿ ಇಲ್ಲ ಎನ್ನುವಂತಿಲ್ಲ.

ನನ್ನ ನಿರೀಕ್ಷೆ ನಮ್ಮ ಕಾಲೇಜುಗಳ ಮೇಲಿದೆ. ಬೆಳಗಾವಿಯಲ್ಲಿ ಕೆಎಲ್‌ಇ ಮತ್ತು ಬಿಮ್ಸ್, ವಿಜಯಪುರದಲ್ಲಿ ಬಿಎಲ್‌ಡಿಇ, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು. ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳೆಲ್ಲ ಒಂದು ಸಂಶೋಧನಾ ಪ್ರಬಂಧ ಬರೆಯಲೇಬೇಕು. ಮೇ ತಿಂಗಳಲ್ಲಿ ಜೋಡಿ ಗಡಿಗೆಯ ಒಳಗಿನ ಉಷ್ಣಾಂಶ ಎಷ್ಟು ಡಿಗ್ರಿಗೆ ನಿಲ್ಲುತ್ತದೆ? ಇಂಡಿ ತಾಲ್ಲೂಕಿನ ರೊಟ್ಟಿಯೂ ಗೋಕಾಕಿನ ರೊಟ್ಟಿಯೂ ಎಷ್ಟೆಷ್ಟು ಹಿಟ್ಟಿನವು? ಆರನೆಯ ತರಗತಿಯ ಎಷ್ಟು ಮಕ್ಕಳ ಸೊಂಟಕ್ಕೆ ಮಡಿಸಿದ ದಾರ ಸಾಲುವುದಿಲ್ಲ? ಅಂಗನವಾಡಿಯ ಗೋಡೆಗೆ ಒಂದು ಚಿತ್ರ ತೂಗುಹಾಕಿದ ತಾಲ್ಲೂಕಿನಲ್ಲಿ ಮಕ್ಕಳು ಆಸ್ಪತ್ರೆಗೆ ಬೇಗ ಬರುತ್ತಾರೆಯೇ? ಇವುಗಳಿಗೆ ಕೋಟಿಗಟ್ಟಲೆ ಅನುದಾನ ಬೇಡ, ಒಬ್ಬ ಮಾರ್ಗದರ್ಶಕರ ಒಪ್ಪಿಗೆ ಸಾಕು.

ಕಳೆದ ಸಲ ಹೋದಾಗ ಹುಡುಗ ಶಾಲೆಯಿಂದ ಬರುವ ಹೊತ್ತಾಗಿತ್ತು. ಕಬಡ್ಡಿ ಆಡಿ ಬಂದಿದ್ದ, ಅಂಗಿಯ ತುಂಬ ಮಣ್ಣು. ಆಟದ ನಡುವೆ ಸಕ್ಕರೆ ಇಳಿದು ಕೈ ನಡುಗಿತೆಂದೂ, ಮಾಸ್ತರರು ಮೇಜಿನ ಖಾನೆಯಲ್ಲಿಟ್ಟಿದ್ದ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿದರೆಂದೂ, ಆಮೇಲೆ ಮತ್ತೆ ಇಳಿದು ಇಬ್ಬರನ್ನು ಔಟ್ ಮಾಡಿದೆನೆಂದೂ ಒಂದೇ ಉಸಿರಿನಲ್ಲಿ ಹೇಳಿದ. ಎಷ್ಟು ಚಮಚ ಹಾಕಿದರು ಎಂದು ತಾಯಿ ಕೇಳಿದಳು. ‘ಮೂರು’ ಎಂದು ಬೆರಳು ತೋರಿಸಿ, ತಾನೇ ಡಬ್ಬಿಯಿಂದ ಮೀಟರ್ ತೆಗೆದು ಬೆರಳು ಒರೆಸಿಕೊಳ್ಳತೊಡಗಿದ. ಅವಳು ಬಟ್ಟಲು ಎತ್ತಿಕೊಂಡು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಳು.